ಚಿಕ್ಕ ಕ್ಯಾಬಿನೆಟ್, ದೊಡ್ಡ ಸದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ವರ್ಷ ನನ್ನ ಪಿಸಿಯನ್ನು ಮೇಜಿನ ಕೆಳಗಿದ್ದ ದೊಡ್ಡ ಟವರ್‌ನಿಂದ ಮೇಜಿನ ಮೇಲೆ ಕೂರುವ ಚಿಕ್ಕ ಕ್ಯಾಬಿನೆಟ್‌ಗೆ ಬದಲಾಯಿಸಿದೆ. ಮುಖ್ಯ ಪಾರ್ಟ್ಸ್ ಹಳೆಯವೇ: ರೈಜನ್ 7 7700ಎಕ್ಸ್ ಪ್ರೊಸೆಸರ್, 200 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡ್. ಮೊದಲ ರಾತ್ರಿ ಒಂದು ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿದೆ. ಪಕ್ಕದ ಕೋಣೆಯಿಂದ ಅಮ್ಮ ಕೂಗಿದರು, "ಈ ಹೊತ್ತಲ್ಲಿ ಮಿಕ್ಸಿ ಹಾಕಿದ್ದು ಯಾರೋ?"

ಆಮೇಲೆ ಮೂರು ತಿಂಗಳು ಸದ್ದಿನ ಬೆನ್ನು ಹತ್ತಿದೆ. ಚಿಕ್ಕ ಕ್ಯಾಬಿನೆಟ್‌ಗೆ ಬದಲಾಗುತ್ತಿರುವ ಗೆಳೆಯರು, ಅವರ ಗೆಳೆಯರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಅದೇ ಪಾರ್ಟ್ಸ್, ಅದೇ ಕೆಲಸ. ಕ್ಯಾಬಿನೆಟ್ ಚಿಕ್ಕದಾದ ಮಾತ್ರಕ್ಕೆ ಸದ್ದು ಯಾಕೆ ಜಾಸ್ತಿ?

ಶಾಖ ಮೊದಲಿನಷ್ಟೇ ಇದೆ, ಹೊರಗೆ ಹೋಗುವ ದಾರಿ ಇಕ್ಕಟ್ಟಾಗಿದೆ. ದೊಡ್ಡ ಟವರ್ ಅಂದರೆ 40–50 ಲೀಟರ್ ಜಾಗ. ಕೂಲರ್ ಮಾಸ್ಟರ್ ಕಂಪನಿಯ ಎನ್‌ಆರ್200 ಥರದ ಚಿಕ್ಕ ಕ್ಯಾಬಿನೆಟ್‌ನಲ್ಲಿ 18 ಲೀಟರ್ ಚಿಲ್ಲರೆ. ಡ್ಯಾನ್ ಎ4 ಅಂಥದ್ದರಲ್ಲಿ 7 ಲೀಟರ್ ಸುತ್ತಮುತ್ತ. ಮನೆಗೆ ಕುಡಿಯುವ ನೀರು ತರುವ ಕ್ಯಾನ್ 20 ಲೀಟರ್ ಅಲ್ವಾ? ಅದಕ್ಕಿಂತ ಚಿಕ್ಕ ಡಬ್ಬದಲ್ಲಿ 300 ವ್ಯಾಟ್‌ಗೂ ಮೇಲೆ ಶಾಖ ಹುಟ್ಟುತ್ತಿರುತ್ತದೆ. ಗ್ರಾಫಿಕ್ಸ್ ಕಾರ್ಡ್ ಬಿಟ್ಟ ಬಿಸಿ ಗಾಳಿಯನ್ನೇ ಪ್ರೊಸೆಸರ್ ಮೇಲೆ ಕೂತು ಅದನ್ನು ತಣಿಸುವ ಕೂಲರ್ ಎಳೆದುಕೊಳ್ಳುತ್ತದೆ.

ಜೊತೆಗೆ ಕೂಲರ್ ಕೂಡ ಕುಳ್ಳಾಗುತ್ತದೆ. ಟವರ್‌ನಲ್ಲಿ 155–160 ಮಿ.ಮೀ. ಎತ್ತರದ ಕೂಲರ್ ಆರಾಮಾಗಿ ನಿಂತಿರುತ್ತದೆ. ತೀರಾ ಚಿಕ್ಕ ಕ್ಯಾಬಿನೆಟ್‌ನಲ್ಲಿ ಸಿಗುವುದು 48 ಮಿ.ಮೀ. ಕುಳ್ಳ ಕೂಲರ್‌ಗೆ ಚಿಕ್ಕ ಫ್ಯಾನ್, ಚಿಕ್ಕ ಫ್ಯಾನ್‌ಗೆ ಜಾಸ್ತಿ ಸುತ್ತು. ಅದರ ಸದ್ದು ದಪ್ಪ ಗುಂಯ್ ಅಲ್ಲ, ಸಣ್ಣ ದನಿಯ ಸುಂಯ್. ಕಿವಿಗೆ ಚುಚ್ಚುವುದು ಎರಡನೆಯದೇ.

ಇನ್ನೊಂದು ಕಾರಣ ಪಿಸಿ ಒಳಗಿಲ್ಲ. ಚಿಕ್ಕದು, ಚೆನ್ನಾಗಿದೆ ಅಂತ ನಾವು ಅದನ್ನು ಮೇಜಿನ ಮೇಲೆ ಇಡುತ್ತೇವೆ. ಮೊದಲು ಕಾಲ ಹತ್ತಿರ ಇದ್ದದ್ದು ಈಗ ಕಿವಿಯ ಪಕ್ಕ ಬಂದು ಕೂತಿದೆ. ಬಯಲಲ್ಲಾದರೆ ದೂರ ಅರ್ಧ ಆದಾಗ ಸದ್ದು 6 ಡೆಸಿಬಲ್ ಏರುತ್ತದೆ. ಕೋಣೆಯೊಳಗೆ ಗೋಡೆಗಳ ಪ್ರತಿಧ್ವನಿ ಇರುವುದರಿಂದ ಅಷ್ಟಿಲ್ಲ, ಆದರೂ ಕಿವಿಗೆ ಗೊತ್ತಾಗುತ್ತದೆ. ಉಳಿದದ್ದೆಲ್ಲ ಮಾಡುವ ಮೊದಲು ಪೆಟ್ಟಿಗೆಯನ್ನು ಮಾನಿಟರ್‌ನ ಹಿಂದಕ್ಕೋ ಮೇಜಿನ ಆಚೆ ತುದಿಗೋ ಸರಿಸಿ ನೋಡಿ.

ಸದ್ದು ಕಡಿಮೆ ಮಾಡಲು ಮೊದಲು ಯಾವ ಫ್ಯಾನ್ ಕೊಳ್ಳಲಿ?

ಯಾವುದೂ ಬೇಡ. ನಾನೂ ಇಲ್ಲೇ ಎಡವಿದ್ದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ಗೆ ಎರಡು ಸಲ ಹೋಗಿ ಮೂರು ಫ್ಯಾನ್ ತಂದೆ. ಸದ್ದು ಇದ್ದಷ್ಟೇ ಇತ್ತು, ಕಳೆದದ್ದು ಎರಡು ಶನಿವಾರ.

ಫ್ಯಾನ್ ಜೋರಾಗಿ ತಿರುಗುವುದು ಒಳಗೆ ಬಿಸಿ ಇದೆ ಅಂತ. ಬಿಸಿ ಬರುವುದು ಚಿಪ್ ತಿನ್ನುವ ವ್ಯಾಟ್‌ನಿಂದ. ಹಾಗಾಗಿ ಮೊದಲು ವ್ಯಾಟ್ ಇಳಿಸಿ, ಆಮೇಲೆ ಫ್ಯಾನ್ ಸುತ್ತು ಇಳಿಸಿ. ಅಷ್ಟಾದರೂ ಸಾಲದಿದ್ದರೆ ಆಗ ಪರ್ಸ್ ತೆಗೆಯಿರಿ. ಮೊದಲ ಎರಡಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಈ ಸಾಲು ತಿರುವುಮುರುವಾದರೆ ದುಡ್ಡೂ ಹೋಗುತ್ತದೆ, ಸದ್ದೂ ಉಳಿಯುತ್ತದೆ.

ಪ್ರೊಸೆಸರ್‌ನ ವ್ಯಾಟ್ ಇಳಿಸುವುದು ಹೇಗೆ? ಸ್ಪೀಡ್ ಬಿದ್ದು ಹೋಗಲ್ವಾ?

ಬೀಳುತ್ತದೆ, ಆದರೆ ನೀವು ಹೆದರಿದಷ್ಟಲ್ಲ. ಇವತ್ತಿನ ಪ್ರೊಸೆಸರ್‌ಗಳನ್ನು ಕಂಪನಿಯವರೇ ಕೊನೆಯ ಉಸಿರಿನವರೆಗೆ ಓಡಿಸಿ ಕಳಿಸುತ್ತಾರೆ. ಆ ಕೊನೆಯ ಐದಾರು ಪರ್ಸೆಂಟ್ ವೇಗಕ್ಕೆ ವ್ಯಾಟ್ ಸಿಕ್ಕಾಪಟ್ಟೆ ಖರ್ಚಾಗುತ್ತದೆ.

ನನ್ನದನ್ನೇ ತೆಗೆದುಕೊಳ್ಳಿ. 7700ಎಕ್ಸ್‌ಗೆ ಕಂಪನಿ ಹೇಳುವುದು 105 ವ್ಯಾಟ್, ನಿಜವಾಗಿ 142 ವ್ಯಾಟ್‌ವರೆಗೆ ಎಳೆಯಲು ಅದಕ್ಕೆ ಅನುಮತಿ ಇದೆ. ಬಯಾಸ್‌ಗೆ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಹೋಗಿ ಇಕೋ ಮೋಡ್‌ನಲ್ಲಿ 65 ವ್ಯಾಟ್ ಆರಿಸಿದರೆ ಆ ಮಿತಿ 88 ವ್ಯಾಟ್‌ಗೆ ಇಳಿಯುತ್ತದೆ. ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಈ ಆಯ್ಕೆ ಪಿಬಿಒ ಎಂಬ ಮೆನುವಿನ ಒಳಗೆ ಅಡಗಿರುತ್ತದೆ. ಬದಲಾಯಿಸಲು ಐದು ನಿಮಿಷ ಸಾಕು. ನನ್ನ ವಿಡಿಯೊ ಎಕ್ಸ್‌ಪೋರ್ಟ್ ಮೊದಲು 20 ನಿಮಿಷ ತೆಗೆದುಕೊಳ್ಳುತ್ತಿತ್ತು, ಈಗ 21 ಚಿಲ್ಲರೆ. ಮೊದಲು 95 ಡಿಗ್ರಿಗೆ ಅಂಟಿಕೊಂಡಿರುತ್ತಿದ್ದ ಮುಳ್ಳು ಈಗ 75ರ ಆಸುಪಾಸು. ಒಂದೂವರೆ ನಿಮಿಷಕ್ಕೆ ಇಷ್ಟು ನೆಮ್ಮದಿ ಸಿಕ್ಕರೆ ಬೇಡ ಅನ್ನುವವರು ಯಾರು?

ಇಂಟೆಲ್ ಇದ್ದರೆ ಬಯಾಸ್‌ನಲ್ಲಿ ಪಿಎಲ್1, ಪಿಎಲ್2 ಎಂಬ ಎರಡು ಮಿತಿಗಳಿರುತ್ತವೆ. ಮೊದಲನೆಯದು ಹೆಚ್ಚು ಹೊತ್ತಿನ ಕೆಲಸಕ್ಕೆ, ಎರಡನೆಯದು ಸ್ವಲ್ಪ ಹೊತ್ತಿನ ಜಿಗಿತಕ್ಕೆ. ಕೆಲವು ಬೋರ್ಡ್‌ಗಳು ಎರಡನ್ನೂ ಕಂಪನಿ ಹೇಳಿದ್ದಕ್ಕಿಂತ ಮೇಲೆ ಇಟ್ಟು ಕೊಡುತ್ತವೆ. ಅದನ್ನು ನೋಡಿ ಇಳಿಸಿ.

95 ಡಿಗ್ರಿ ಅಂದರೆ ಚಿಪ್ ಸುಟ್ಟು ಹೋಗಲ್ವಾ?

ಇಲ್ಲ. 7700ಎಕ್ಸ್‌ಗೆ ಅದೇ ಗರಿಷ್ಠ ಮಿತಿ. ಅಲ್ಲಿಗೆ ಮುಟ್ಟಿದರೆ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ತೊಂದರೆ ಚಿಪ್‌ಗಲ್ಲ, ಅದನ್ನು ನೋಡಿ ಫ್ಯಾನ್ ಗಾಬರಿ ಬೀಳುತ್ತದಲ್ಲ, ಆ ಸದ್ದು ಕೇಳುವ ನಮಗೆ.

ಗ್ರಾಫಿಕ್ಸ್ ಕಾರ್ಡ್‌ಗೂ ಹೀಗೇ ಮಾಡಬಹುದಾ?

ಮಾಡಲೇಬೇಕು. ಆಟ ಆಡುವಾಗ ಕ್ಯಾಬಿನೆಟ್ ಒಳಗಿನ ಶಾಖದಲ್ಲಿ ದೊಡ್ಡ ಪಾಲು ಅದರದ್ದೇ.

ಸುಲಭದ ದಾರಿ: ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ಪವರ್ ಲಿಮಿಟ್ ಅನ್ನು 80 ಪರ್ಸೆಂಟ್‌ಗೆ ಎಳೆಯಿರಿ. 200 ವ್ಯಾಟ್ ಕಾರ್ಡ್ 160ಕ್ಕೆ ಬರುತ್ತದೆ. ಆಟದಲ್ಲಿ ಕಳೆದುಕೊಳ್ಳುವುದು ಸಾಮಾನ್ಯವಾಗಿ ಒಂದಂಕಿಯ ಪರ್ಸೆಂಟ್. ಇನ್ನೂ ಚೆನ್ನಾದ ದಾರಿ ಅಂಡರ್‌ವೋಲ್ಟ್, ಅಂದರೆ ಅದೇ ವೇಗಕ್ಕೆ ಕಡಿಮೆ ವೋಲ್ಟೇಜ್ ಕೊಡುವುದು. ಇದಕ್ಕೆ ತಾಳ್ಮೆ ಬೇಕು. ಸ್ವಲ್ಪ ಇಳಿಸಿ, ಒಂದು ಗಂಟೆ ಆಡಿ, ಕ್ರ್ಯಾಶ್ ಆಗದಿದ್ದರೆ ಇನ್ನೂ ಸ್ವಲ್ಪ. ನನ್ನ ಕಾರ್ಡ್ ಎರಡು ದಿನ ಚೆನ್ನಾಗಿದ್ದು ಮೂರನೇ ದಿನ ಕ್ರ್ಯಾಶ್ ಆಯಿತು. ಒಂದು ಹೆಜ್ಜೆ ಹಿಂದೆ ಬಂದು ಅಲ್ಲೇ ಬಿಟ್ಟೆ.

ಇನ್ನೊಂದು ಸುಲಭದ ಉಪಾಯ, ಫ್ರೇಮ್‌ಗೆ ಮಿತಿ ಹಾಕುವುದು. ಮಾನಿಟರ್ 60 ಅಥವಾ 75 ಹರ್ಟ್ಜ್ ಇದ್ದರೆ, ಸೆಕೆಂಡಿಗೆ 180 ಫ್ರೇಮ್ ಬಿಡಿಸಲು ಕಾರ್ಡ್ ಸುಮ್ನೆ ಬೆವರು ಸುರಿಸುವುದು ಯಾಕೆ?

ಬ್ರೌಸರ್ ತೆರೆದರೂ ಫ್ಯಾನ್ ಒಮ್ಮೆ ಜೋರಾಗಿ, ಮತ್ತೆ ಸುಮ್ಮನಾಗುತ್ತದೆ. ಯಾಕೆ?

ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಇದೇ. ಸಮಾಧಾನವಾಗಿ ಓದಿ.

ಒಂದು ಪೇಜ್ ತೆರೆಯುವಾಗ ಪ್ರೊಸೆಸರ್ ಅರೆಕ್ಷಣ ಪೂರ್ತಿ ವೇಗಕ್ಕೆ ಜಿಗಿಯುತ್ತದೆ. ಚಿಪ್‌ನ ಒಳಗೆ 45 ಡಿಗ್ರಿ ಇದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ 65. ಆದರೆ ಅದರ ಮೇಲೆ ಕೂತ ಲೋಹದ ಕೂಲರ್ ಇನ್ನೂ ತಣ್ಣಗೇ ಇದೆ. ಆ ಬಿಸಿಯನ್ನು ಕೂಲರ್ ಸದ್ದಿಲ್ಲದೆ ಕುಡಿದುಬಿಡುತ್ತದೆ, ಫ್ಯಾನ್ ಜೋರಾಗುವ ಅಗತ್ಯವೇ ಇಲ್ಲ. ಬೋರ್ಡ್‌ಗೆ ಮಾತ್ರ ಇದು ಗೊತ್ತಿಲ್ಲ. ಅದು ಚಿಪ್‌ನ ಅಂಕಿ ನೋಡಿ ಫ್ಯಾನ್‌ಗೆ ಚಾಟಿ ಬೀಸುತ್ತದೆ. ಎರಡು ಸೆಕೆಂಡಿನ ನಂತರ ಅಂಕಿ ಇಳಿಯುತ್ತದೆ, ಫ್ಯಾನೂ ಇಳಿಯುತ್ತದೆ. ಹೊಸ ಟ್ಯಾಬ್ ತೆರೆದರೆ ಮತ್ತೆ ಅದೇ.

ಒಂದೇ ಸಮನೆ ಬರುವ ಸದ್ದನ್ನು ಕಿವಿ ಮರೆಯುತ್ತದೆ. ಸೀಲಿಂಗ್ ಫ್ಯಾನ್ ಕೆಳಗೆ ನಾವೆಲ್ಲ ನಿದ್ದೆ ಮಾಡುವುದಿಲ್ಲವೇ? ಏರಿ ಇಳಿಯುವ ಸದ್ದನ್ನು ಮಾತ್ರ ಅದು ಮರೆಯುವುದಿಲ್ಲ.

ಪರಿಹಾರ ಫ್ಯಾನ್ ಕರ್ವ್‌ನಲ್ಲಿದೆ, ಅಂದರೆ ಎಷ್ಟು ಡಿಗ್ರಿಗೆ ಫ್ಯಾನ್ ಎಷ್ಟು ವೇಗದಲ್ಲಿ ತಿರುಗಬೇಕು ಅನ್ನುವ ಸೆಟ್ಟಿಂಗ್‌ನಲ್ಲಿ. ಬಯಾಸ್‌ನಲ್ಲೇ ಮಾಡಬಹುದು, ವಿಂಡೋಸ್‌ನಲ್ಲಾದರೆ ಫ್ಯಾನ್ ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ನನ್ನದು ಹೀಗಿದೆ: 70 ಡಿಗ್ರಿವರೆಗೆ ಒಂದೇ ವೇಗ, ನಿಮಿಷಕ್ಕೆ 700 ಸುತ್ತು. ಅಲ್ಲಿಂದ 85ರವರೆಗೆ ಮೆಲ್ಲಗೆ 1300ಕ್ಕೆ ಏರುತ್ತದೆ. ಅದರ ಮೇಲೆ ಹೋದರೆ ಪೂರ್ತಿ ಓಡಲಿ ಅಂತ ಬಿಟ್ಟಿದ್ದೇನೆ, ಆ ಹೊತ್ತಲ್ಲಿ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಜೊತೆಗೆ ಏರುವ ಮೊದಲು ಕೆಲವು ಸೆಕೆಂಡ್ ಕಾಯುವ ಸೆಟ್ಟಿಂಗ್ ಹುಡುಕಿ. ಬೋರ್ಡ್‌ನಿಂದ ಬೋರ್ಡ್‌ಗೆ ಅದರ ಹೆಸರು ಬೇರೆ ಇರುತ್ತದೆ, ಕೆಲವದರಲ್ಲಿ ಸ್ಟೆಪ್ ಅಪ್ ಟೈಮ್ ಅಂತ ಇದೆ. ನಾನು 5 ಸೆಕೆಂಡ್ ಇಟ್ಟಿದ್ದೇನೆ. ಬ್ರೌಸರ್ ತೆರೆದಾಗಿನ ಸುಂಯ್ ಅವತ್ತೇ ನಿಂತಿತು.

ಕ್ಯಾಬಿನೆಟ್‌ನ ಫ್ಯಾನ್‌ಗಳನ್ನು ಪ್ರೊಸೆಸರ್ ಬದಲು ಗ್ರಾಫಿಕ್ಸ್ ಕಾರ್ಡ್‌ನ ಉಷ್ಣತೆಗೆ ಕಟ್ಟಿ. ಆ ಅಂಕಿ ಅಷ್ಟು ಜಿಗಿದಾಡುವುದಿಲ್ಲ.

ಸುತ್ತು ಇಳಿಸಿದರೆ ನಿಜವಾಗಿ ಎಷ್ಟು ಸದ್ದು ಕಡಿಮೆ ಆಗುತ್ತದೆ?

ಫ್ಯಾನ್‌ನ ಗಣಿತ ನಮ್ಮ ಪರವಾಗಿದೆ. ಅದೇ ಫ್ಯಾನ್‌ನ ಸುತ್ತು ಅರ್ಧ ಮಾಡಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 1500ರಿಂದ 1000ಕ್ಕೆ ಇಳಿಸಿದರೆ 9 ಡೆಸಿಬಲ್ ಹತ್ತಿರ. 10 ಡೆಸಿಬಲ್ ಇಳಿದರೆ ಕಿವಿಗೆ ಅರ್ಧಕ್ಕರ್ಧ ಕಡಿಮೆಯಾದಂತೆ ಕೇಳುತ್ತದೆ. ಗಾಳಿ ಮಾತ್ರ ಮೂರರಲ್ಲಿ ಒಂದು ಪಾಲು ಅಷ್ಟೇ ಕಡಿಮೆ.

ಇದನ್ನೇ ತಿರುಗಿಸಿ ನೋಡಿ. ಒಂದು ಫ್ಯಾನ್ ಪಕ್ಕ ಅಂಥದ್ದೇ ಇನ್ನೊಂದು, ಅದೇ ವೇಗದಲ್ಲಿ ಓಡಿಸಿದರೆ ಸದ್ದು ಬರೀ 3 ಡೆಸಿಬಲ್ ಏರುತ್ತದೆ. ಹಾಗಾಗಿ ಒಂದು ಫ್ಯಾನ್ ಜೋರಾಗಿ ಓಡುವುದಕ್ಕಿಂತ ಎರಡು ಮೆಲ್ಲಗೆ ಓಡುವುದು ಮೇಲು, ಜಾಗ ಇದ್ದರೆ.

ಫೋನಿನ ಡೆಸಿಬಲ್ ಆ್ಯಪ್ ತೋರಿಸುವ ಅಂಕಿಯನ್ನು ನಂಬಬೇಡಿ. ಆದರೆ ಅದೇ ಫೋನ್, ಅದೇ ಜಾಗದಲ್ಲಿ ಇಟ್ಟು ಮೊದಲು–ನಂತರ ಹೋಲಿಸಲು ಅಡ್ಡಿಯಿಲ್ಲ. ಸೀಲಿಂಗ್ ಫ್ಯಾನ್ ಆರಿಸುವುದನ್ನು ಮರೆಯಬೇಡಿ. ನಾನು ಮರೆತು ಅರ್ಧ ರಾತ್ರಿ ಅದರ ಸದ್ದನ್ನೇ ಅಳೆದಿದ್ದೆ.

ಯಾವ ಕೂಲರ್ ಹಿಡಿಸುತ್ತದೆ?

ಕ್ಯಾಬಿನೆಟ್‌ನ ಮಾಹಿತಿ ಪತ್ರದಲ್ಲಿ ಪ್ರೊಸೆಸರ್ ಕೂಲರ್‌ನ ಗರಿಷ್ಠ ಎತ್ತರ ಇರುತ್ತದೆ. ಲೀಟರ್ ನೋಡುವ ಮೊದಲು ಅದನ್ನು ನೋಡಿ. ಎನ್‌ಆರ್200ನಲ್ಲಿ 155 ಮಿ.ಮೀ.ವರೆಗೆ ಜಾಗ ಇದೆ, 120 ಮಿ.ಮೀ. ಫ್ಯಾನ್ ಇರುವ ಒಳ್ಳೆಯ ಟವರ್ ಕೂಲರ್ ಕೂರುತ್ತದೆ. ಹಾಗಾಗಿ ಮೊದಲ ಸಲ ಚಿಕ್ಕದಕ್ಕೆ ಬರುವವರಿಗೆ ನಾನು ಹೇಳುವುದು 15ರಿಂದ 20 ಲೀಟರ್. ಅದಕ್ಕಿಂತ ಚಿಕ್ಕದು ಬೇಕೆಂದರೆ ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 ಎಂಬ ಕೂಲರ್ ಇದೆ, 47 ಮಿ.ಮೀ. ಎತ್ತರ. ನಾಕ್ಟುವಾದ ಎನ್‌ಎಚ್-ಎಲ್9 ಇನ್ನೂ ಕುಳ್ಳು, 37 ಮಿ.ಮೀ. ಇಂಥವುಗಳ ಕೆಳಗೆ 142 ವ್ಯಾಟ್ ಎಳೆಯುವ ಚಿಪ್ ಇಟ್ಟು, ಸದ್ದೂ ಬರಬಾರದು ಅಂದರೆ ಆಗದ ಮಾತು. 65 ವ್ಯಾಟ್ ಚಿಪ್ ಇಟ್ಟರೆ ಸಂಸಾರ ನಡೆಯುತ್ತದೆ.

ಎತ್ತರ ಸರಿಯಾಗಿ ಹಿಡಿಸಿತು ಅಂದರೂ ಸಾಲದು. ಫ್ಯಾನ್ ಮತ್ತು ಪಕ್ಕದ ಪ್ಯಾನೆಲ್ ನಡುವೆ ಎರಡು ಮೂರು ಮಿ.ಮೀ. ಉಳಿದರೆ, ಗಾಳಿ ಸಂದಿಯಲ್ಲಿ ನುಸುಳುವಾಗ ಇನ್ನೊಂದು ಥರದ ಸದ್ದು ಹುಟ್ಟುತ್ತದೆ. ಪರೀಕ್ಷೆ ಸುಲಭ: ಫ್ಯಾನ್ ಓಡುತ್ತಿರುವಾಗ ಪ್ಯಾನೆಲ್ ತೆಗೆಯಿರಿ. ಸದ್ದಿನ ದನಿಯೇ ಬದಲಾದರೆ ತೊಂದರೆ ಫ್ಯಾನ್‌ನದ್ದಲ್ಲ, ಸಂದಿಯದ್ದು. ಉಷ್ಣತೆಯೂ ಹತ್ತು ಡಿಗ್ರಿ ಇಳಿದರೆ ಕ್ಯಾಬಿನೆಟ್‌ಗೆ ಉಸಿರು ಕಟ್ಟುತ್ತಿದೆ ಅಂತ ಅರ್ಥ.

ಗಾಜಿನ ಪ್ಯಾನೆಲ್ ಒಳ್ಳೆಯದಾ, ಜಾಲರಿಯದ್ದಾ?

ಚಿಕ್ಕ ಕ್ಯಾಬಿನೆಟ್‌ನಲ್ಲಿ ಜಾಲರಿ. ಗಾಜು ಸದ್ದು ತಡೆಯುತ್ತದೆ ಅಂತ ಅನ್ನಿಸುತ್ತದೆ, ಆದರೆ ಗಾಳಿಯನ್ನೂ ತಡೆದು ಫ್ಯಾನ್ ವೇಗ ಏರಿಸುತ್ತದೆ.

ಒಳಗೆ ಸ್ಪಾಂಜ್ ಅಂಟಿಸಿದರೆ?

ಬೇಡ. ಇರುವ ಜಾಗವೇ ಸಾಲದು.

ಫ್ಯಾನ್ ಎಲ್ಲೆಲ್ಲಿ ಹಾಕಬೇಕು?

ಒಂದೇ ಉತ್ತರ ಇಲ್ಲ, ಕ್ಯಾಬಿನೆಟ್ ನೋಡಿ ಹೇಳಬೇಕು. ಗ್ರಾಫಿಕ್ಸ್ ಕಾರ್ಡ್‌ನ ಫ್ಯಾನ್‌ಗಳು ಕೆಳಗಿನ ಅಥವಾ ಪಕ್ಕದ ಜಾಲರಿಗೆ ಮುಖ ಮಾಡಿದ್ದರೆ ಅವೇ ಹೊರಗಿನ ತಣ್ಣನೆಯ ಗಾಳಿ ಎಳೆದುಕೊಳ್ಳುತ್ತವೆ. ನಡುವೆ ಇನ್ನೊಂದು ಫ್ಯಾನ್ ತುರುಕಿದರೆ ಒಂದಕ್ಕೊಂದು ಗುದ್ದಾಡಿ ಸದ್ದೇ ಜಾಸ್ತಿ ಆಗಬಹುದು. ನಾನು ಕೆಳಗಿನ ಎರಡೂ ಫ್ಯಾನ್ ಬಿಚ್ಚಿಹಾಕಿದೆ. ಕಾರ್ಡ್ 2 ಡಿಗ್ರಿ ಬಿಸಿಯಾಯಿತು, ಪಿಸಿ ಮೌನವಾಯಿತು. ಎಸ್‌ಪಿ ರೋಡ್‌ನಿಂದ ತಂದ ಮೂರರಲ್ಲಿ ಎರಡು ಈಗ ಅಟ್ಟದ ಮೇಲಿವೆ. ಉಳಿದ ಒಂದು ಮೇಲಿನಿಂದ ಬಿಸಿ ಗಾಳಿ ಹೊರಗೆ ತಳ್ಳುತ್ತದೆ.

ಗಾಳಿ ಕೆಳಗಿನಿಂದ ಬರುವ ಕ್ಯಾಬಿನೆಟ್ ಆದರೆ ಕಾಲುಗಳನ್ನು ಒಂದೆರಡು ಸೆಂ.ಮೀ. ಎತ್ತರಿಸಿ. ಎತ್ತರದ ರಬ್ಬರ್ ಬುಷ್ ಹಾಕಿದರೆ ಇನ್ನೂ ಒಳ್ಳೆಯದು, ಪ್ಲೈವುಡ್ ಮೇಜು ತಬಲಾ ಆಗುವುದು ತಪ್ಪುತ್ತದೆ. ಮೇಜಿನ ಮೇಲೆ ಅಂಗೈ ಊರಿ ನೋಡಿ. ಅಂಗೈ ಜುಮ್ ಅಂದರೆ ಸದ್ದಿನ ಒಂದು ಪಾಲು ಅಲ್ಲಿಂದಲೇ ಬರುತ್ತಿದೆ.

ವಾಟರ್ ಕೂಲರ್ ಹಾಕಿದರೆ ಸದ್ದೇ ಇರಲ್ಲ ಅಂತಾರಲ್ಲ?

ನೀರು ಸದ್ದು ಮಾಡುವುದಿಲ್ಲ, ಪಂಪ್ ಮಾಡುತ್ತದೆ. ಆ ನೀರನ್ನು ತಣಿಸುವ ರೇಡಿಯೇಟರ್‌ಗೂ ಫ್ಯಾನ್ ಬೇಕೇ ಬೇಕು. ದೊಡ್ಡ ಕೂಲರ್ ಹಿಡಿಸದ, ಆದರೆ 240 ಮಿ.ಮೀ. ರೇಡಿಯೇಟರ್‌ಗೆ ಜಾಗ ಇರುವ ಕ್ಯಾಬಿನೆಟ್‌ನಲ್ಲಿ ಇದರಿಂದ ನಿಜಕ್ಕೂ ಲಾಭ ಇದೆ. ಬೇರೆ ಕಡೆ ನಾನಾದರೆ ಹಾಕುವುದಿಲ್ಲ.

ಹಾಕಿದವರು ಒಂದು ನೋಡಿಕೊಳ್ಳಿ: ಇಡೀ ವ್ಯವಸ್ಥೆಯಲ್ಲಿ ಪಂಪ್ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಇರಬಾರದು. ಒಳಗಿನ ಗಾಳಿ ಗುಳ್ಳೆಗಳು ಮೇಲಕ್ಕೆ ಹೋಗಿ ಸೇರುತ್ತವೆ. ರೇಡಿಯೇಟರ್‌ನ ತುದಿಯಲ್ಲಿ ಸೇರಿದರೆ ತೊಂದರೆ ಇಲ್ಲ, ಪಂಪ್‌ನಲ್ಲಿ ಸೇರಿದರೆ ಗೊಳಗೊಳ ಸದ್ದು ಶುರು, ಪಂಪ್‌ನ ಆಯಸ್ಸೂ ಕಡಿಮೆ. ಪಂಪ್ ವೇಗವನ್ನು ಒಂದೇ ಮಟ್ಟದಲ್ಲಿ ಇಡಿ, ಉಷ್ಣತೆ ನೋಡಿ ಏರಿಳಿಸಬೇಡಿ.

ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ) ಬದಲಾಯಿಸಬೇಕಾ?

ಚಿಕ್ಕ ಕ್ಯಾಬಿನೆಟ್‌ಗಳಲ್ಲಿ ಬಹುಪಾಲು ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆಯ ಎಸ್‌ಎಂಪಿಎಸ್ ಕೇಳುತ್ತವೆ. ಅದು 125 ಮಿ.ಮೀ. ಅಗಲ, 100 ಮಿ.ಮೀ. ಉದ್ದ. ಒಳಗಿನ ಫ್ಯಾನ್ ಸಾಮಾನ್ಯವಾಗಿ 92 ಮಿ.ಮೀ. ಹಳೆಯ ದೊಡ್ಡದರ 120 ಅಥವಾ 140ರ ಮುಂದೆ ಇದು ಮರಿ, ಜೋರಾಗಿ ತಿರುಗಿದರೆ ಕೇಳಿಸುತ್ತದೆ. ಇಲ್ಲಿ ಜಿಪುಣತನ ಬೇಡ. ನಿಮಗೆ 400 ವ್ಯಾಟ್ ಬೇಕಾದರೆ 650 ಅಥವಾ 750ರದ್ದು ತನ್ನಿ. ಕಡಿಮೆ ಲೋಡ್‌ನಲ್ಲಿ ಫ್ಯಾನ್ ಪೂರ್ತಿ ನಿಲ್ಲಿಸುವ ಮಾದರಿಗಳಿವೆ. ಸಾಮರ್ಥ್ಯ ದೊಡ್ಡದಿದ್ದಷ್ಟೂ ಅದು ಹೆಚ್ಚು ಹೊತ್ತು ನಿಂತೇ ಇರುತ್ತದೆ.

ಫ್ಯಾನ್ ಎಲ್ಲ ಮೆಲ್ಲಗೆ ಓಡುತ್ತಿವೆ. ಆದರೂ ಆಟ ಆಡುವಾಗ ಕಿರ್ರ್ ಅನ್ನುತ್ತದೆ.

ಅದು ಫ್ಯಾನ್ ಅಲ್ಲ, ಕಾಯಿಲ್ ವೈನ್. ಕಾರ್ಡ್‌ನಲ್ಲೋ ಎಸ್‌ಎಂಪಿಎಸ್‌ನಲ್ಲೋ ಇರುವ ತಂತಿಯ ಸುರುಳಿಗಳು ಕರೆಂಟ್ ಏರಿಳಿದಾಗ ನಡುಗುವ ಸದ್ದು. ಆಟದ ಮೆನುವಿನಲ್ಲಿ ಫ್ರೇಮ್ ನೂರಾರಕ್ಕೆ ಏರಿದಾಗ ಜೀರುಂಡೆ ಥರ ಕೇಳಿ, ಆಟ ಶುರುವಾದ ಮೇಲೆ ದನಿ ಬದಲಾದರೆ ಅನುಮಾನವೇ ಬೇಡ. ಹಳೆಯ ಟವರ್‌ನಲ್ಲೂ ಇತ್ತು, ಫ್ಯಾನ್ ಸದ್ದಿನ ಹಿಂದೆ ಅಡಗಿತ್ತು ಅಷ್ಟೇ. ಫ್ರೇಮ್ ಮಿತಿ, ಅಂಡರ್‌ವೋಲ್ಟ್ ಎರಡೂ ಕಡಿಮೆ ಮಾಡುತ್ತವೆ. ಪೂರ್ತಿ ಹೋಗುವುದು ಅಪರೂಪ.

ಯಾವುದು ಸದ್ದು ಮಾಡುತ್ತಿದೆ ಅಂತ ಕಂಡುಹಿಡಿಯುವುದು ಹೇಗೆ?

ಹಳೆಯ ಕ್ಯಾಲೆಂಡರ್ ಹಾಳೆಯೊಂದನ್ನು ಕೊಳವೆ ಥರ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದು ಒಂದೊಂದೇ ಫ್ಯಾನ್ ಹತ್ತಿರ. ನೋಡಿದವರು ನಗುತ್ತಾರೆ, ನಗಲಿ. ಅಥವಾ ಸಾಫ್ಟ್‌ವೇರ್‌ನಲ್ಲಿ ಒಂದೊಂದನ್ನೇ ಅರ್ಧ ನಿಮಿಷ ನಿಲ್ಲಿಸಿ. ಹಳೆಯ 7200 ಸುತ್ತಿನ ಹಾರ್ಡ್ ಡಿಸ್ಕ್ ಇದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. 7200 ಅಂದರೆ ಸೆಕೆಂಡಿಗೆ 120 ಸುತ್ತು, ಅದರ ಗುಂಯ್ ತೆಳು ಲೋಹದ ಕ್ಯಾಬಿನೆಟ್‌ನಲ್ಲಿ ಇಡೀ ಪೆಟ್ಟಿಗೆಗೆ ಹರಡುತ್ತದೆ. ನಾನು ಅದನ್ನು ತೆಗೆದು ಹೊರಗಿನ ಡಬ್ಬಕ್ಕೆ ಹಾಕಿದೆ, ಬೇಕಾದಾಗ ಮಾತ್ರ ಚುಚ್ಚುತ್ತೇನೆ.

ಜನವರಿಯಲ್ಲಿ ಚೆನ್ನಾಗಿತ್ತು, ಏಪ್ರಿಲ್‌ನಲ್ಲಿ ಮತ್ತೆ ಸದ್ದು. ಏನಾಯಿತು?

ಬೇಸಿಗೆ ಬಂತು. ಕೂಲರ್ ಕೋಣೆಯ ಗಾಳಿಗಿಂತ ಕೆಳಗೆ ಯಾವತ್ತೂ ತಣಿಸಲಾರದು. ಕೋಣೆ 10 ಡಿಗ್ರಿ ಏರಿದರೆ ಚಿಪ್ ಕೂಡ ಹೆಚ್ಚುಕಡಿಮೆ 10 ಡಿಗ್ರಿ ಏರುತ್ತದೆ. ಮೈಸೂರಿನ ಚಳಿಗಾಲದಲ್ಲಿ ಬರೆದ ಫ್ಯಾನ್ ಕರ್ವ್ ರಾಯಚೂರಿನ 40 ಡಿಗ್ರಿ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಕರ್ವ್ ಅನ್ನು ಬೇಸಿಗೆಯಲ್ಲೇ ಬರೆಯಿರಿ, ಚಳಿಗಾಲಕ್ಕೆ ತಾನಾಗಿಯೇ ಸರಿಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್‌ಗೆ ನಾನು ಎರಡು ಪ್ರೊಫೈಲ್ ಇಟ್ಟಿದ್ದೇನೆ. ಶಿವರಾತ್ರಿ ಕಳೆದ ಮೇಲೆ ಪವರ್ ಲಿಮಿಟ್ 70, ಮಳೆ ಹಿಡಿದ ಮೇಲೆ 80.

ಎಷ್ಟು ದಿನಕ್ಕೊಮ್ಮೆ ಧೂಳು ತೆಗೆಯಬೇಕು?

ಫಿಲ್ಟರ್ ತಿಂಗಳಿಗೊಮ್ಮೆ, ಒಳಗೆ ಆರು ತಿಂಗಳಿಗೊಮ್ಮೆ. ಮನೆ ಮುಂದೆ ರಸ್ತೆ ಅಗೆದಿದ್ದರೆ ಇನ್ನೂ ಬೇಗ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಅದನ್ನು ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್‌ಗೆ ಒಳ್ಳೆಯದಲ್ಲ.

ನಮ್ಮ ಮನೆಯಲ್ಲಿ ಒಂದು ಸಲ ಆಯುಧ ಪೂಜೆಗೆ ಹೇಗೂ ನಡೆಯುತ್ತದೆ. ಕಳೆದ ಸಲ ಎಲ್ಲ ಒರೆಸಿ, ಮೇಲಿನ ಫಿಲ್ಟರ್ ತೊಳೆದು ಒಣಗಲು ಇಟ್ಟು, ಕ್ಯಾಬಿನೆಟ್ ಹಾಗೇ ತಂದು ಪೂಜೆಗೆ ಇಟ್ಟೆ. ಅಮ್ಮ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಮೇಲಿನಿಂದ ಅಕ್ಷತೆ ಹಾಕಿದರು. ಮರುದಿನ ಆನ್ ಮಾಡಿದರೆ ಟಿಕ್ ಟಿಕ್ ಟಿಕ್. ಬೇರಿಂಗ್ ಹೋಯಿತು ಅಂದುಕೊಂಡು ಎಲ್ಲ ಬಿಚ್ಚಿದೆ. ಮೇಲಿನ ಫ್ಯಾನ್‌ನ ಚೌಕಟ್ಟಿನ ಮೂಲೆಯಲ್ಲಿ ಅರಿಶಿನ ಹತ್ತಿದ ಒಂದು ಅಕ್ಕಿ ಕಾಳು ಸಿಕ್ಕಿಕೊಂಡಿತ್ತು, ಪ್ರತಿ ಸುತ್ತಿಗೂ ರೆಕ್ಕೆಗೆ ತಾಗುತ್ತಿತ್ತು.